ಕತ್ತಿ ಯಾರ ಕೈಗೆ ಕೊಟ್ಟೆ?

ಹೈಸ್ಕೂಲಿನಲ್ಲಿ ಚರಿತ್ರೆ ಓದಿದ ಯಾರನ್ನು ಬೇಕಾದರೂ ನಡುರಾತ್ರಿ ಎಬ್ಬಿಸಿ ಕೇಳಿ, 1453ರಲ್ಲಿ ಏನಾಯಿತು ಅಂತ. ಕಣ್ಣು ಬಿಡದೆ ಹೇಳುತ್ತಾರೆ: ‘ಆಟೋಮನ್ ಟರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ವಶಪಡಿಸಿಕೊಂಡರು.’ ಎರಡು ಮಾರ್ಕಿನ ಪ್ರಶ್ನೆ. ಆ ಊರು ಎಲ್ಲಿದೆ, ಯಾರ ಕೈಯಿಂದ ಹೋಯಿತು, ಯಾಕೆ ಹೋಯಿತು ಎಂದು ಮುಂದೆ ಕೇಳಿದಿರೋ, ಮಗ್ಗುಲು ಬದಲಿಸುತ್ತಾರೆ. ನಾನೂ ಆ ಪೈಕಿಯೇ ಆಗಬೇಕಿತ್ತು. ಆಗದಂತೆ ತಡೆದವರು ನಮ್ಮ ಲೆಕ್ಕದ ಮಾವ.

ಲೆಕ್ಕದ ಮಾವ ಅಂದರೆ ಅಮ್ಮನ ತಮ್ಮ. ಚಿಕ್ಕಪೇಟೆಯ ಜವಳಿ ಸಗಟು ಅಂಗಡಿಯೊಂದರಲ್ಲಿ ಮೂವತ್ತೆಂಟು ವರ್ಷ ಲೆಕ್ಕ ಬರೆದವರು. ಮಧ್ಯಾಹ್ನ ಡಬ್ಬಿ ಊಟ ಮುಗಿಸಿ ಅವೆನ್ಯೂ ರೋಡಿನ ಹಳೇ ಪುಸ್ತಕಗಳ ಕಡೆ ಒಂದು ಸುತ್ತು ಹಾಕಿ ಬರುವುದು ಅವರ ಅಭ್ಯಾಸ. ಹಾಗೆ ಒಂದು ದಿನ ಯೂರೋಪಿನ ಇತಿಹಾಸದ ದಪ್ಪ ಪುಸ್ತಕವೊಂದು ತೂಕದ ಬೆಲೆಗೆ ಸಿಕ್ಕಿತು. ಹಿಂದಿನ ಪುಟಗಳನ್ನು ಗೆದ್ದಲು ತಿಂದಿತ್ತು. ಹಾಗಾಗಿ ಮಾವನ ಯೂರೋಪು 1815ರ ವಾಟರ್ಲೂ ತನಕ ಬಂದು ನಿಂತುಬಿಡುತ್ತದೆ. ಎರಡು ಮಹಾಯುದ್ಧಗಳ ಮಾತು ಎತ್ತಿದರೆ “ಅವು ನನ್ನ ಪುಸ್ತಕದಲ್ಲಿಲ್ಲ” ಎನ್ನುತ್ತಾರೆ, ಅವನ್ನು ಯಾರೋ ಬಿಲ್ಲಿಲ್ಲದೆ ಮಾರಿದ್ದಾರೆ ಎನ್ನುವ ಹಾಗೆ.

ನನಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಪಾಠ ಹೇಳಿದ್ದು ಆ ಪುಸ್ತಕ ಮತ್ತು ಅವರ ಖಾತೆ ಕಿರ್ದಿ ಬುದ್ಧಿ, ಎರಡೂ ಸೇರಿ. ಕಾನ್‌ಸ್ಟಾಂಟಿನೋಪಲ್ ಬಿದ್ದದ್ದು ಹೇಗೆ ಎಂದು ಕೇಳಿದೆ. “ಸಂಬಳ ಕೊಡದೆ ಬಿತ್ತು ಕಣೋ” ಎಂದರು. ಹಂಗೇರಿ ಕಡೆಯ ಅರ್ಬನ್ ಎಂಬ ತೋಪು ಎರಕದವನು ಮೊದಲು ಬಂದದ್ದು ಕಾನ್‌ಸ್ಟಾಂಟಿನೋಪಲ್ಲಿನ ಚಕ್ರವರ್ತಿಯ ಹತ್ತಿರವೇ. ಚಕ್ರವರ್ತಿಯ ಗಲ್ಲಾಪೆಟ್ಟಿಗೆ ಬರಿದು. ಅವನನ್ನು ಸರಿಯಾಗಿ ಸಾಕಲಾಗಲಿಲ್ಲ. ಅವನು ನೆಟ್ಟಗೆ ಎದುರು ಅಂಗಡಿಗೆ, ಅಂದರೆ ಸುಲ್ತಾನ್ ಎರಡನೇ ಮೆಹ್ಮದನಲ್ಲಿಗೆ ಹೋದ. ಸುಲ್ತಾನ ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟು ಇಟ್ಟುಕೊಂಡ. ಎಳೆಯಲು ಅರವತ್ತು ಎತ್ತು ಬೇಕಾಗುವಂಥ ತೋಪು ತಯಾರಾಯಿತು. ಸಾವಿರ ವರ್ಷ ನಿಂತಿದ್ದ ಗೋಡೆ ಏಪ್ರಿಲಿನಿಂದ ಏಟು ತಿಂದು ಮೇ 29ಕ್ಕೆ ಬಿತ್ತು. “ಒಳ್ಳೇ ಕೆಲಸಗಾರನ ಹತ್ತಿರ ಚೌಕಾಸಿ ಮಾಡಬಾರದು. ಬರಕೋ, ಎರಡು ಮಾರ್ಕು” ಎಂದರು. ಬರೆದೆ. ಅರ್ಧ ಮಾರ್ಕು ಬಂತು.

ಕಳೆದ ತಿಂಗಳು ಅಕ್ಕನ ಮಗಳ ಮದುವೆಗೆ ಜವಳಿ ತೆಗೆಯಲು ಹೊರಟೆವು. ಮಲ್ಲೇಶ್ವರದಲ್ಲಿ ಸೀರೆ ಸಿಗುವುದಿಲ್ಲವೇ, ಜಯನಗರದಲ್ಲಿ ಸಿಗುವುದಿಲ್ಲವೇ ಎಂದೆಲ್ಲ ಕೇಳುವವರು ನಮ್ಮ ಮನೆಯವರಲ್ಲ. ಮದುವೆ ಸೀರೆ ಅಂದರೆ ಚಿಕ್ಕಪೇಟೆ. ಎಂಬತ್ತೆರಡರ ಮಾವನೂ ಹೊರಟರು. “ಮೂವತ್ತೆಂಟು ವರ್ಷದ ಅನುಭವ ಇದೆ, ನಾನಿಲ್ಲದಿದ್ದರೆ ಟೋಪಿ ಹಾಕುತ್ತಾರೆ” ಎಂಬುದು ಅವರ ವಾದ. ಮೆಟ್ರೋ ಇಳಿದು ಮೇಲೆ ಬಂದರೆ ತಳ್ಳುಗಾಡಿ, ಮೂಟೆ ಹೊತ್ತವರು, ಸ್ಕೂಟರಿನ ಹಿಂದೆ ಥಾನು ಕಟ್ಟಿಕೊಂಡವರು. “ಬನ್ನಿ ಅಕ್ಕಾ, ನೋಡೋದಕ್ಕೆ ದುಡ್ಡಿಲ್ಲ” ಎಂದು ದಾರಿಗೆ ಅಡ್ಡ ನಿಲ್ಲುವವರು. ಕೆಂಪೇಗೌಡರು 1537ರಲ್ಲಿ ಚಿಕ್ಕಪೇಟೆ, ದೊಡ್ಡಪೇಟೆ ಕೂಡುವ ಕಡೆಯಿಂದ ನಾಲ್ಕು ಜೊತೆ ಎತ್ತು ಕಟ್ಟಿ ನಾಲ್ಕು ದಿಕ್ಕಿಗೆ ನೇಗಿಲು ಹೊಡೆಸಿದರಂತೆ. ಇವತ್ತಾದರೆ ಆ ಎತ್ತುಗಳು ಬಳೇಪೇಟೆ ದಾಟುವಷ್ಟರಲ್ಲಿ ಸಂಜೆಯಾಗುತ್ತಿತ್ತು.

ಕಿರಿದಾದ ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು, ಬಿಳೀ ಹಾಸಿನ ಮೇಲೆ ಅಕ್ಕ, ಅವಳ ಮಗಳು, ಚಿಕ್ಕಮ್ಮ ಚಕ್ಕಳಮಕ್ಕಳ ಹಾಕಿ ಕೂತರು. ಮುತ್ತಿಗೆ ಶುರುವಾಯಿತು. ಅಂಗಡಿ ಹುಡುಗ ಸೀರೆಗಳನ್ನು ಒಂದರ ಮೇಲೊಂದು ಬಿಚ್ಚಿ ಎಸೆಯುತ್ತಿದ್ದ. ಮೊದಲ ಒಂದು ಗಂಟೆ ಜಗಳವೆಲ್ಲ ಬಾರ್ಡರಿನದು. ಅಕ್ಕನಿಗೆ ದೊಡ್ಡ ಬಾರ್ಡರು ಬೇಕು, ಮಗಳಿಗೆ ಸಣ್ಣದು, ಚಿಕ್ಕಮ್ಮನಿಗೆ ಎರಡೂ ಕಡೆ ಬೇರೆ ಬೇರೆ.

ಗೋಡೆಗೆ ಒರಗಿದ್ದ ಮಾವ ನನ್ನ ಕಿವಿಯ ಹತ್ತಿರ ಬಂದರು. “ಯೂರೋಪಿನವರು ಮುನ್ನೂರು ವರ್ಷ ಹೊಡೆದಾಡಿದ್ದು ಇದೇ ಬಾರ್ಡರಿಗೆ ನೋಡು. ಪೋಲೆಂಡ್ ಅಂತ ಒಂದು ಒಳ್ಳೇ ಅಗಲ ಪನ್ನದ ಬಟ್ಟೆ ಇತ್ತು. ರಷ್ಯ, ಪ್ರಷ್ಯ, ಆಸ್ಟ್ರಿಯ ಮೂವರೂ ಕತ್ತರಿ ಹಿಡಿದು ಕೂತರು. 1772ರಲ್ಲಿ ಒಂದು ಸಲ ಕತ್ತರಿಸಿದರು. 1793ರಲ್ಲಿ ಇನ್ನೊಂದು ಸಲ. ಆಸ್ಟ್ರಿಯ ಆ ಸಲ ಅಂಗಡಿಗೆ ಬರಲಿಲ್ಲ. 1795ರಲ್ಲಿ ಮೂರೂ ಜನ ಸೇರಿ ಕತ್ತರಿಸಿದ ಮೇಲೆ ಬ್ಲೌಸ್ ಪೀಸಿಗೂ ಉಳಿಯಲಿಲ್ಲ.”

ಸೀರೆ ಬಿಚ್ಚುತ್ತಿದ್ದ ಹುಡುಗ, “ಯಾವ ಅಂಗಡಿ ಸಾರ್ ಅದು?” ಎಂದ.

ಮಾವನ ಕಣ್ಣಲ್ಲಿ ರಾಜ್ಯಗಳು ಬೀಳುವುದು ಮಾರ್ಚ್ ತಿಂಗಳಲ್ಲಿ. ವರ್ಷಾಂತ್ಯದ ಲೆಕ್ಕ ಮುಗಿಸುವ ಕಾಲವಲ್ಲವೇ, ಪುರಾವೆಯೂ ಇಟ್ಟುಕೊಂಡಿದ್ದಾರೆ. ಕ್ರಿ.ಶ. 193ರ ಮಾರ್ಚಿನಲ್ಲಿ ರೋಮಿನ ಅಂಗರಕ್ಷಕ ಪಡೆಯವರು ತಮ್ಮ ಚಕ್ರವರ್ತಿ ಪರ್ಟಿನಾಕ್ಸನನ್ನು ಕೊಂದು, ಸಿಂಹಾಸನವನ್ನು ಹರಾಜಿಗಿಟ್ಟರು. ಕೋಟೆಯ ಒಳಗಿನಿಂದ ಸತ್ತವನ ಮಾವನೇ ಕೂಗುತ್ತಿದ್ದಾನೆ, ಗೋಡೆಯ ಹೊರಗಿನಿಂದ ಡಿಡಿಯಸ್ ಜೂಲಿಯಾನಸ್ ಎಂಬ ಶ್ರೀಮಂತ ಕೂಗುತ್ತಿದ್ದಾನೆ. ತಲಾ ಇಪ್ಪತ್ತು ಸಾವಿರ ನಾಣ್ಯ ಎಂದಾಗ ಹೊರಗಿನವನು ಒಂದೇಟಿಗೆ ಇಪ್ಪತ್ತೈದಕ್ಕೆ ಏರಿಸಿ ಬೆರಳಲ್ಲೂ ತೋರಿಸಿದ. ಅವನ ಪಾಲಾಯಿತು. ಬಾಳಿಕೆ ಬಂದದ್ದು 66 ದಿನ. ಅವನ ತಲೆಯೂ ಹೋಯಿತು. “ಹರಾಜಿನ ಮಾಲಿಗೆ ಗ್ಯಾರಂಟಿ ಇರೋದಿಲ್ಲ” ಎಂದು ಮಾವನ ಷರಾ.

ರೋಮಿನವರನ್ನು ಆಡಿಕೊಳ್ಳುವ ಮೊದಲು ನಮ್ಮ ಊರಿನ ಬಿಲ್ಲನ್ನೂ ನೋಡಿಕೊಳ್ಳಬೇಕು. ನಾವು ಕೂತಿದ್ದ ಈ ಬೆಂಗಳೂರೇ 1687ರಲ್ಲಿ ಮಾರಾಟಕ್ಕಿತ್ತು. ಶಹಾಜಿಯ ಮಗ ಏಕೋಜಿ ತಂಜಾವೂರಿನಲ್ಲಿ ನೆಲೆಯಾಗಿದ್ದ. ದೂರದ ಆಸ್ತಿ ನೋಡಿಕೊಳ್ಳುವುದು ಕಷ್ಟ ಎಂದು ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮೂರು ಲಕ್ಷಕ್ಕೆ ಮಾತಾಡಿದ್ದ. ವ್ಯಾಪಾರ ಕುದುರುವಷ್ಟರಲ್ಲಿ ಔರಂಗಜೇಬನ ಸರದಾರ ಖಾಸಿಂ ಖಾನ್ ಬಂದು ಊರನ್ನು ಹಿಡಿದ. ಹಿಡಿದು, ಅದೇ ಒಡೆಯರಿಗೆ, ಅದೇ ಮೂರು ಲಕ್ಷಕ್ಕೆ ಕೊಟ್ಟ! ಮಾಲು ಅದೇ, ಗಿರಾಕಿ ಅದೇ, ದರ ಅದೇ, ಗಲ್ಲಾದ ಮೇಲೆ ಕೂತವನು ಮಾತ್ರ ಬೇರೆ. ಮೂರು ಲಕ್ಷ! ಈಗ ಚಿಕ್ಕಪೇಟೆಯಲ್ಲಿ ಅಷ್ಟು ದುಡ್ಡಿಗೆ ಮಳಿಗೆಯ ಶಟರ್ ಎತ್ತಲೂ ಬಿಡುವುದಿಲ್ಲ.

ಅಷ್ಟರಲ್ಲಿ ಕಾಫಿ ಬಂತು. ಹಾಸಿನ ಮೇಲೆ ಸೀರೆಗಳು ಮೊಳಕಾಲೆತ್ತರ ಗುಡ್ಡೆಯಾಗಿದ್ದವು. ಮಾವ ಕಾಫಿ ಆರಿಸುತ್ತಾ ತಮ್ಮ ಮೆಚ್ಚಿನ ಗಿರಾಕಿಯ ಕಥೆಗೆ ಬಂದರು. ಲಾರ್ಡ್ ಕಾರ್ನ್‌ವಾಲಿಸ್. ಅವನ ಕಥೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆದರೂ ಆ ಕತ್ತಿಯ ಪ್ರಸಂಗ ಬಂದಾಗ ನಗು ತಡೆಯಲಾಗುವುದಿಲ್ಲ.

1781ರ ಅಕ್ಟೋಬರ್ 19. ಅಮೆರಿಕದ ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸ್ ಸೋತು ಶರಣಾಗಬೇಕು. ಶರಣಾಗುವುದೆಂದರೆ ಎದುರಾಳಿಯ ಮುಂದೆ ಹೋಗಿ ಕತ್ತಿ ಒಪ್ಪಿಸಬೇಕು. ದೊರೆಗೆ ಅವತ್ತೇ ಮೈ ಸರಿ ಇಲ್ಲ. ರಜಾ ಚೀಟಿ ಕಳಿಸಿದ. ಕತ್ತಿ ಹಿಡಿದು ಹೊರಟವನು ಅವನ ಕೈಕೆಳಗಿನ ಓಹಾರ. ಪಾಪ, ಅವನಿಗೂ ಇದು ಹೊಸ ಕೆಲಸ. ನೆಟ್ಟಗೆ ಹೋಗಿ ಫ್ರೆಂಚ್ ಸೇನಾಪತಿ ರೋಶಾಂಬೋ ಮುಂದೆ ನಿಂತ. ಫ್ರೆಂಚನು ‘ನಾನಲ್ಲ, ಅಲ್ಲಿ’ ಎಂದು ವಾಷಿಂಗ್ಟನ್ ಕಡೆ ಕೈ ತೋರಿಸಿದ. ವಾಷಿಂಗ್ಟನ್ ನೋಡಿದ: ಯಜಮಾನ ಬಂದಿಲ್ಲ, ಆಳು ಬಂದಿದ್ದಾನೆ. ‘ಹಾಗಾದರೆ ನಮ್ಮ ಆಳಿನ ಹತ್ತಿರ ಹೋಗು’ ಅನ್ನುವಂತೆ ತನ್ನ ಕೈಕೆಳಗಿನ ಲಿಂಕನ್ ಕಡೆ ತೋರಿಸಿದ. “ಮೂರು ಕೌಂಟರು ಅಲೆದ ಮೇಲೆ ಸೋಲು ಸ್ವೀಕಾರವಾಯಿತು” ಎಂದು ಮಾವ ತೊಡೆ ತಟ್ಟಿಕೊಂಡರು. ಹದಿಮೂರು ವಸಾಹತು ಕಳೆದುಕೊಂಡ ಯುದ್ಧದ ಸೇನಾಪತಿಗೆ ಶಿಕ್ಷೆ? 1786ರಲ್ಲಿ ಗವರ್ನರ್ ಜನರಲ್ ಮಾಡಿ ಕಲ್ಕತ್ತೆಗೆ ಕಳಿಸಿದರು. “ಅಲ್ಲಿ ಫೇಲಾದವನಿಗೆ ಇಲ್ಲಿ ಪ್ರಮೋಷನ್ನು.”

ಅವನೇ 1791ರ ಮಾರ್ಚ್ ಮೊದಲ ವಾರ ಬೆಂಗಳೂರಿಗೆ ಬಂದ. ಆಗ ಪೇಟೆಯ ಸುತ್ತ ಕಂದಕ, ದಟ್ಟ ಮುಳ್ಳಿನ ಬೇಲಿ. ಮಾರ್ಚ್ 7ಕ್ಕೆ ಪೇಟೆ ಬಿತ್ತು. ಬಾಗಿಲಲ್ಲೇ ಅವರ ಕರ್ನಲ್ ಮೂರ್‌ಹೌಸ್ ಸತ್ತ. 21ರ ರಾತ್ರಿ ಕೋಟೆಗೆ ನುಗ್ಗಿದರು. ಬಹಾದೂರ್ ಖಾನ್ ಎಂಬ ವೃದ್ಧ ಕಿಲ್ಲೇದಾರ ಜಾಗ ಬಿಡದೆ ಕಾದಾಡಿ ಸತ್ತ. ಇಲ್ಲಿಗೆ ಬಂದಾಗ ಮಾವನ ದನಿ ಇಳಿಯುತ್ತದೆ. ಮಗ್ಗದವರು, ಗಾಣದವರು, ಅಕ್ಕಿ ಅಂಗಡಿಯವರು, ಅವರೆಲ್ಲ ಆ ರಾತ್ರಿಗಳಲ್ಲಿ ಎಲ್ಲಿ ಹೋದರೋ, ಯಾರ ಖಾತೆಯಲ್ಲೂ ಹೆಸರಿಲ್ಲ ಎನ್ನುತ್ತಾರೆ. ಮಾರ್ಕೆಟ್ ಪಕ್ಕದಲ್ಲಿ ಉಳಿದಿರುವ ಕೋಟೆಯ ತುಂಡಿನ ಮೇಲೆ, ಗೋಡೆ ಒಡೆದು ನುಗ್ಗಿದ್ದು ಇಲ್ಲೇ ಎಂದು ಒಂದು ಕಲ್ಲು ಹಾಕಿದ್ದಾರೆ. ಅದರಲ್ಲಿ ನುಗ್ಗಿದವರ ಹೆಮ್ಮೆ ಇದೆ, ಅಷ್ಟೇ.

ಕಾಫಿ ಲೋಟ ಕೆಳಗಿಟ್ಟ ಮೇಲೆ ಮಾವ ಮತ್ತೆ ಹುರುಪಾದರು. ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣಕ್ಕೆ ದಂಡೆತ್ತಿದ. ಮಳೆ ಹಿಡಿಯಿತು, ಎತ್ತುಗಳು ಸಾಲಾಗಿ ಸತ್ತವು, ದಂಡಿಗೆ ಅಕ್ಕಿ ಇಲ್ಲ. ದೊಡ್ಡ ತೋಪುಗಳನ್ನು ತಾನೇ ಹಾಳುಗೆಡವಿ ಬೆಂಗಳೂರಿಗೆ ತಿರುಗಿದ. ದಾರಿಯಲ್ಲಿ ಎದುರಾಯಿತು ಮರಾಠರ ಸೈನ್ಯ. ಸಹಾಯಕ್ಕೆಂದು ಬಂದವರು, ತಡವಾಗಿ. ಅವರ ಜೊತೆ ಒಂದು ಇಡೀ ಬಜಾರು! ದವಸ, ಕುರಿ, ಕೋಳಿ, ಕಾಶ್ಮೀರದ ಶಾಲು, ಇಂಗ್ಲೆಂಡಿನದೇ ಉಣ್ಣೆ ಬಟ್ಟೆ, ಬರ್ಮಿಂಗ್‌ಹ್ಯಾಮಿನ ಚಾಕು, ಏನುಂಟು ಏನಿಲ್ಲ. ಹಸಿದ ಇಂಗ್ಲಿಷರು ಕೇಳಿದ ಬೆಲೆ ಕೊಟ್ಟು ಕೊಂಡರು. “ಅವತ್ತು ಯುದ್ಧ ಗೆದ್ದದ್ದು ಟಿಪ್ಪುವೂ ಅಲ್ಲ, ಕಾರ್ನ್‌ವಾಲಿಸನೂ ಅಲ್ಲ. ಆ ಬಜಾರಿನವರು!” ಮಾವನ ಮುಖದಲ್ಲಿ ವೃತ್ತಿಬಾಂಧವರ ಹೆಮ್ಮೆ.

ಮುಂದಿನ ವರ್ಷ, ಮತ್ತೆ ಮಾರ್ಚ್, ಒಪ್ಪಂದವಾಯಿತು. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಜಾಮೀನಿಗೆ ಟಿಪ್ಪುವಿನ ಇಬ್ಬರು ಗಂಡುಮಕ್ಕಳು. 1794ರಲ್ಲಿ ಮಕ್ಕಳು ವಾಪಸು ಬಂದರು. ಸಾಲಕ್ಕೆ ಮಕ್ಕಳನ್ನು ಒತ್ತೆ ಇಟ್ಟುಕೊಂಡವರ ಬಗ್ಗೆ ಮಾವನಿಗೆ ಒಂದೇ ಅಸಮಾಧಾನ: ಅಂಥವರ ಹುಡುಗರು ಇಲ್ಲಿ ಬಿಟ್ಟುಹೋದ ಬಾಕಿಯನ್ನು ಯಾರು ವಸೂಲು ಮಾಡಿದರು? ಚರ್ಚಿಲ್‌ನ ವಿಷಯ. ಗೆದ್ದಲು ತಿಂದ ಕಾಲದವನಾದರೂ ಅವನಿಗೆ ಮಾವನ ಖಾತೆಯಲ್ಲಿ ವಿನಾಯಿತಿ ಉಂಟು. 1896ರಲ್ಲಿ ದಂಡಿನ ಕಡೆ ಬಂದಿಳಿದ ಆ ಹುಡುಗ ಬೆಂಗಳೂರಿನಲ್ಲಿ ಕೂತು ಗಿಬ್ಬನ್ನನ ರೋಮ್ ಸಾಮ್ರಾಜ್ಯ ಪತನದ ಸಂಪುಟಗಳನ್ನು ಓದಿದ, ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದ. ವಸೂಲಾಗದ ಬಾಕಿ ಎಂದು ಕ್ಲಬ್ಬಿನ ಪುಸ್ತಕದಲ್ಲಿ ಬರೆದಿದ್ದಾರೆ. “ಚಿಕ್ಕಪೇಟೆಯಲ್ಲಿ ಇರಬೇಕಿತ್ತು ಅವನು. ಸ್ಟೇಷನ್ ತನಕ ಆಳು ಹೋಗುತ್ತಿದ್ದ.”

ಅತ್ತ ಮುತ್ತಿಗೆ ಕೊನೆಯ ಘಟ್ಟ ಮುಟ್ಟಿತ್ತು. ನೇರಳೆ ಬಣ್ಣದ, ನಡುವಯಸ್ಸಿನ ಬಾರ್ಡರಿನ ಸೀರೆಯೊಂದಕ್ಕೆ ಮೂರೂ ಜನ ಒಪ್ಪಿದ್ದರು. ಹದಿನೆಂಟೂವರೆ ಸಾವಿರ. ಅಕ್ಕ ಹನ್ನೆರಡು ಎಂದಳು. ‘ಒಂದೇ ದರ’ ಎಂಬ ಬೋರ್ಡನ್ನು ಹುಡುಗ ತೋರಿಸಿದ. ಅಕ್ಕ ಅದನ್ನು ಗೋಡೆಯ ಮೇಲಿನ ದೇವರ ಪಟದಂತೆ ನೋಡಿ ಹದಿಮೂರು ಎಂದಳು. ಆಗದು ಎಂದಾಗ ತಾಯಿಯಿಂದ ಬಂದ ಕಟ್ಟಕಡೆಯ ಅಸ್ತ್ರ ತೆಗೆದಳು. ಎದ್ದಳು, ಸೆರಗು ಕೊಡವಿದಳು, ಮೆಟ್ಟಿಲಿಗೆ ಹೊರಟಳು.

“ಕುಟುಜೋವ್!” ಎಂದರು ಮಾವ, ಭಕ್ತಿಯಿಂದ. 1812ರಲ್ಲಿ ನೆಪೋಲಿಯನ್ ಆರು ಲಕ್ಷ ಜನರನ್ನು ಕಟ್ಟಿಕೊಂಡು ರಷ್ಯಕ್ಕೆ ಹೋದಾಗ ಆ ಮುದುಕ ಮಾಡಿದ್ದೂ ಇದನ್ನೇ. ಒಮ್ಮೆ ಕಚ್ಚಾಡಿ ನೋಡಿದ, ಆಮೇಲೆ ಎದ್ದು ನಡೆದುಬಿಟ್ಟ. ನೆಪೋಲಿಯನ್ ಸೆಪ್ಟೆಂಬರ್ 14ಕ್ಕೆ ಮಾಸ್ಕೋದಲ್ಲಿ ಅಂಗಡಿ ತೆರೆದು ಕೂತ, ಗಿರಾಕಿ ಮೆಟ್ಟಿಲಿಂದ ತಿರುಗಿ ಬರುತ್ತಾನೆ, ಸಂಧಿ ಕುದುರುತ್ತದೆ ಅಂತ. ಐದು ವಾರ ಕಾದ. ಜಾರ್ ಚಕ್ರವರ್ತಿಯಿಂದ ಒಂದು ಕಾಗದವೂ ಬರಲಿಲ್ಲ. ಅಕ್ಟೋಬರ್ 19ಕ್ಕೆ ಕದ ಮುಚ್ಚಿಕೊಂಡು ಹೊರಟ, ಆಮೇಲೆ ಹಿಮ. “ನೋಡ್ತಾ ಇರು. ಐದನೇ ಮೆಟ್ಟಿಲಿಗೆ ಕರೀತಾರೆ.”

ಐದನೇ ಮೆಟ್ಟಿಲಾಯಿತು. ಹತ್ತಾಯಿತು. ಕೆಳಗಿನ ಬಾಗಿಲೂ ಆಯಿತು. ಯಾರೂ ಕರೆಯಲಿಲ್ಲ. ಬೀದಿಯಲ್ಲಿ ತಳ್ಳುಗಾಡಿಯವನು “ಸೈಡು, ಸೈಡು” ಎಂದ, ಅಷ್ಟೇ. ಮೇಲೆ ಹುಡುಗ ಸೀರೆಗಳನ್ನು ಮಡಚಲು ಶುರು ಮಾಡಿದ್ದು ಕಿಟಕಿಯಲ್ಲಿ ಕಾಣುತ್ತಿತ್ತು.

ಅಕ್ಕನ ಮಗಳು ಅಳುವುದೊಂದು ಬಾಕಿ. ಅಕ್ಕ ಐದು ನಿಮಿಷ ಬೀದಿಯನ್ನು ನೋಡುತ್ತಾ ನಿಂತಳು. ಆಮೇಲೆ ಹಣೆ ಒತ್ತಿಕೊಂಡು, “ನನಗೆ ಯಾಕೋ ತಲೆನೋವು ಕಣೋ. ನೀನೇ ಹೋಗಿ ದುಡ್ಡು ಕೊಟ್ಟು ತಗೊಂಡು ಬಾ” ಎಂದು ಪರ್ಸು ನನ್ನ ಕೈಗಿಟ್ಟಳು.

ಮತ್ತೆ ಚಪ್ಪಲಿ ಬಿಟ್ಟು ಮೇಲೆ ಹೋದೆ. ಗಾದಿಯ ಮೇಲೆ ಕೂತಿದ್ದ ಹಿರಿಯರ ಮುಂದೆ ನೋಟುಗಳನ್ನು ಚಾಚಿದೆ. ಅವರು ಕನ್ನಡಕದ ಮೇಲಿಂದ ನೋಡಿ, ಕಂಪ್ಯೂಟರ್ ಮುಂದಿದ್ದ ಮಗನ ಕಡೆ ಕೈ ತೋರಿಸಿದರು. ಮಗ ತಲೆ ಎತ್ತದೆ ಒಂದು ಚೀಟಿ ಹರಿದು ಕೊಟ್ಟು, ಮೂಲೆಯಲ್ಲಿ ಪ್ಯಾಕ್ ಮಾಡುತ್ತಿದ್ದವನ ಕಡೆ ಬೆರಳು ತೋರಿಸಿದ. ಅವನು ಹದಿನೆಂಟೂವರೆ ಸಾವಿರ ಎಣಿಸಿಕೊಂಡು, “ಕ್ಯಾರಿ ಬ್ಯಾಗಿಗೆ ಹತ್ತು ರೂಪಾಯಿ ಸಾರ್” ಎಂದ.

ಕೆಳಗೆ ಬಂದಾಗ ಅಕ್ಕನ ತಲೆನೋವು ವಾಸಿಯಾಗಿತ್ತು. ಬಳೇಪೇಟೆಯಲ್ಲಿ ಸಾಗು ಮಸಾಲೆ ದೋಸೆ ತಿನ್ನುವ ಮಾತು ನಡೆದಿತ್ತು. ಮಾವ ನನ್ನನ್ನು ಪಕ್ಕಕ್ಕೆಳೆದರು.

“ಎಷ್ಟು ಕೌಂಟರೋ?”

“ಮೂರು, ಮಾವ.”

“ಕತ್ತಿ ಕೊನೆಗೆ ಯಾರ ಕೈಗೆ ಕೊಟ್ಟೆ?”