ಕಾಡಿನ ಬಾಗಿಲಲ್ಲಿ ಫಲಕ ಬರೆಯುವವರಿಗೆ ಒಂದು ಬಹಿರಂಗ ಪತ್ರ



ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಫಲಕದ ಕೆಳಗೆ ಬರೆದವರ ಹೆಸರು ಹಾಕುವ ರೂಢಿ ಎಲ್ಲೂ ಇಲ್ಲ. ಆದರೂ ಯಾವ ರಕ್ಷಿತಾರಣ್ಯಕ್ಕೆ ಹೋದರೂ ಮೊದಲು ಎದುರಾಗುವುದು ಹುಲಿಯೂ ಅಲ್ಲ, ಆನೆಯೂ ಅಲ್ಲ, ನಿಮ್ಮ ಅಕ್ಷರ. ಕಾಡನ್ನು ಹೇಗೆ ನೋಡಬೇಕೆಂದು ಜನರಿಗೆ ಮೊದಲು ಹೇಳಿಕೊಡುವವರು ನೀವೇ. ಅದಕ್ಕೇ ಈ ಪತ್ರ.

ಹೋದ ಮಾಗಿಯಲ್ಲಿ ಅಕ್ಕನ ಮಗಳನ್ನು ಕರೆದುಕೊಂಡು ಒಂದು ಕಾಡಿಗೆ ಹೋಗಿದ್ದೆ. ಯಾವುದೆಂದು ಇಲ್ಲಿ ಬೇಡ. ಸಫಾರಿ ಜೀಪಿಗೆ ಒಂದು ಗಂಟೆ ಕಾಯಬೇಕಿತ್ತು. ಹುಡುಗಿ ಏಳನೇ ಕ್ಲಾಸು. ಮಾಹಿತಿ ಕೇಂದ್ರದ ಒಂದೊಂದೇ ಫಲಕವನ್ನು ಜೋರಾಗಿ ಓದುತ್ತ ಹೋದಳು. ಹುಲಿಯ ತೂಕ, ಆನೆ ಗಬ್ಬವಾಗಿರುವ ತಿಂಗಳುಗಳು, ‘ಕಾಡು ಉಳಿಸಿ’, ‘ಬೆಂಕಿ ಕಾಡಿನ ಶತ್ರು’. ಅಷ್ಟು ಓದಿ ಕಿಟಕಿಯ ಹತ್ತಿರ ನಿಂತಳು. ಹೊರಗೆ ಕಣ್ಣು ಹಾಯುವಷ್ಟು ದೂರ ಒಂದೇ ಪೊದೆ. ಹಳದಿ, ಗುಲಾಬಿ ಬೆರೆತ ಸಣ್ಣ ಹೂಗೊಂಚಲು. “ಇದ್ಯಾವ ಗಿಡ ಮಾಮ?” ಅಂದಳು. ಕಟ್ಟಡದ ಸುತ್ತ ಎಲ್ಲಕ್ಕಿಂತ ಹೆಚ್ಚಿದ್ದದ್ದು ಅದೇ ಗಿಡ, ಅದರ ಹೆಸರು ಯಾವ ಫಲಕದಲ್ಲೂ ಇರಲಿಲ್ಲ.

ಲಂಟಾನ ಎಂದು ಹೇಳಿದೆ. ಮುಂದಿನದನ್ನು ಹೇಳಲು ಮಾತಿನಲ್ಲೇ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಬೇಕಾಯಿತು. ಈ ಗಿಡದ ಕತೆಯನ್ನು ಅಲ್ಲಿಯಷ್ಟು ತಾಳ್ಮೆಯಿಂದ ಎಣಿಸಿ ಬರೆದಿಟ್ಟ ಕಾಡುಗಳು ನಮ್ಮಲ್ಲಿ ಕಡಿಮೆ.

ಅಲಂಕಾರಕ್ಕೆಂದು ಬ್ರಿಟಿಷರು ಹಡಗಿನಲ್ಲಿ ತಂದ ಅಮೆರಿಕ ಖಂಡದ ಗಿಡ ಇದು. ಹಣ್ಣನ್ನು ಪಿಕಳಾರಗಳು ತಿಂದು ಊರೂರಿಗೆ ಹಂಚಿದವು. ಏಟ್ರಿ ಸಂಸ್ಥೆಯ ಸಂಶೋಧಕರು ಬಿಳಿಗಿರಿಯ 540 ಚದರ ಕಿಲೋಮೀಟರ್ ಕಾಡಿನಲ್ಲಿ ಅಲ್ಲಲ್ಲಿ ತುಂಡು ಜಾಗ ಗುರುತು ಮಾಡಿಕೊಂಡು 1997ರಲ್ಲಿ ಗಿಡಮರ ಎಣಿಸಿದರು. 2008ರಲ್ಲಿ ಭರತ್ ಸುಂದರಂ, ಅಂಕಿಲಾ ಹಿರೇಮಠ ಮತ್ತೆ ಎಣಿಸಿ ಎರಡನ್ನೂ ಹೋಲಿಸಿದರು. ಮೊದಲ ಸಲ ಶೇ. 41ರಷ್ಟು ಜಾಗಗಳಲ್ಲಿ ಲಂಟಾನ ಇತ್ತು, ಎರಡನೇ ಸಲ ಶೇ. 81ರಲ್ಲಿ. ಮೊದಲು ಇಪ್ಪತ್ತು ಕಾಂಡಕ್ಕೆ ಒಂದು ಲಂಟಾನದ್ದು, ಹನ್ನೊಂದು ವರ್ಷದಲ್ಲಿ ಮೂರಕ್ಕೆ ಒಂದು. ಇದನ್ನು ಹೇಳಿದಾಗ ಹುಡುಗಿ ಬೆರಳು ಮಡಿಸಿ ಲೆಕ್ಕ ಹಾಕಿದಳು. ಏಳನೇ ಕ್ಲಾಸಿನ ಗಣಿತಕ್ಕೆ ಸಿಗುವ ಸಂಶೋಧನೆ ಇದು. ಇಂಗ್ಲಿಷ್ ಪತ್ರಿಕೆಯೊಳಗೇ ಉಳಿದುಬಿಟ್ಟಿದೆ.

ಯಾಕೆ ಹೀಗಾಯಿತು ಎಂದು ಆ ಕಾಡಿನವರೇ ಆದ ಸೋಲಿಗ ಹಿರಿಯರನ್ನು ಕೇಳಿದರೆ ಅವರು ಹೇಳುವುದು ತರಗು ಬೆಂಕಿಯ ಮಾತು. ಪುಷ್ಯ, ಮಾಘದ ಹೊತ್ತಿಗೆ ಉದುರಿದ ತರಗೆಲೆಗೆ ತಗ್ಗು ಬೆಂಕಿ ಕೊಡುತ್ತಿದ್ದರು. ಬಿಸಿಲು ಬಲಿಯುವ ಮೊದಲೇ, ಮೊಣಕಾಲೆತ್ತರ ಮೀರದಂತೆ. ಹೊಸ ಹುಲ್ಲು ಬರುತ್ತಿತ್ತು, ಬೀಜಕ್ಕೆ ಮಣ್ಣು ಸಿಗುತ್ತಿತ್ತು, ಪೊದೆ ಎದ್ದು ನಿಲ್ಲುತ್ತಿರಲಿಲ್ಲ. 1974ರಲ್ಲಿ ಕಾಡು ವನ್ಯಧಾಮವಾದ ಮೇಲೆ ಆ ಬೆಂಕಿ ಅಪರಾಧವಾಯಿತು. ಬೆಂಕಿ ನಿಂತಿತು, ಲಂಟಾನ ಎದ್ದಿತು ಎನ್ನುತ್ತಾರೆ ಅವರು.

ಇದೇ ಬೆಟ್ಟದಲ್ಲಿ ಒಬ್ಬ ಸೋಲಿಗ ಅಜ್ಜ ನನಗೆ ಒಮ್ಮೆ ನೆಲ್ಲಿಯ ಕೊಂಬೆಯೊಂದನ್ನು ಬಗ್ಗಿಸಿ ತೋರಿಸಿದ್ದರು. ಅರ್ಧ ಕೊಂಬೆಯಲ್ಲಿ ನೆಲ್ಲಿಯ ಸಣ್ಣ ಎಲೆ, ಅಲ್ಲಿಂದಾಚೆ ದಪ್ಪ, ಬೂದು ಬಣ್ಣದ ಬೇರೆಯದೇ ಎಲೆ. ಎರಡೂ ಸೇರುವ ಕಡೆ ಮಂಡಿಚಿಪ್ಪಿನ ಹಾಗೆ ಒಂದು ಗಂಟು. ಅವರು ಅದನ್ನು ಉಪ್ಪಿಲು ಅಂದರು. ನಾವು ಬದನಿಕೆ ಅನ್ನುತ್ತೇವೆ. ಅದರ ಬೀಜಕ್ಕೆ ಅಂಟು ಜಾಸ್ತಿ. ಹಣ್ಣು ತಿಂದ ಬದನಿಕೆ ಹಕ್ಕಿ ಹಿಕ್ಕೆಯ ಜೊತೆ ಬರುವ ಆ ಬೀಜವನ್ನು ಕೊಂಬೆಗೆ ಒರೆಸಿಯೇ ಬಿಡಿಸಿಕೊಳ್ಳಬೇಕು. ಬೀಜ ಅಲ್ಲೇ ಮೊಳೆತು ಮರದ ನೀರಿಗೆ ಕೈ ಹಾಕುತ್ತದೆ. ಗಂಟಿನಿಂದಾಚೆ ನೆಲ್ಲಿಯ ಭಾಗ ಒಣಗಿ ಕಡ್ಡಿಯಾಗಿತ್ತು. “ಬೆಂಕಿ ಶಾಖಕ್ಕೆ ಇದು ಸಾಯ್ತಿತ್ತು, ಈಗ ಮರ ಸಾಯ್ತದೆ” ಎಂದು ಅಜ್ಜ ಕೊಂಬೆ ಬಿಟ್ಟರು. ಅದು ಮೇಲಕ್ಕೆ ಚಿಮ್ಮಿ ನಾಲ್ಕು ಕಾಯಿ ನನ್ನ ಕಾಲ ಬಳಿ ಬಿದ್ದವು.

ಅಜ್ಜನಂಥವರ ಮಾತನ್ನು ಕೇಳಿ ತಲೆಯಾಡಿಸಿ ಸಂಶೋಧಕರು ಸುಮ್ಮನಾಗಲಿಲ್ಲ, ಪರೀಕ್ಷೆಗೆ ಒಡ್ಡಿದರು. ನನಗೆ ಅದೇ ದೊಡ್ಡದು. ಗಣೇಶನ್, ಸಿದ್ದಪ್ಪ ಶೆಟ್ಟಿ ಮುಂತಾದವರು ಎರಡು ಜಾತಿಯ ನೆಲ್ಲಿ ಮರಗಳ ಹಿಂದೆ ಹತ್ತು ವರ್ಷ ನಡೆದರು. ಎರಡೂ ಕಡಿಮೆಯಾಗುತ್ತಿದ್ದವು. ಕಾಯಿ ಕೊಯ್ಯುವವರ ಕೈಗಿಂತ ಬದನಿಕೆ, ಲಂಟಾನಗಳ ಪಾಲೇ ಅದರಲ್ಲಿ ದೊಡ್ಡದಿತ್ತು. ಆ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಾಗಲೇ, 2006ರಲ್ಲಿ, ಕಾಡಿನ ಕಿರು ಉತ್ಪನ್ನ ತರುವುದನ್ನೇ ಅಲ್ಲಿ ನಿಲ್ಲಿಸಲಾಗಿತ್ತು. ಎಷ್ಟೋ ಪೋಡುಗಳ, ಅಂದರೆ ಸೋಲಿಗರ ಹಾಡಿಗಳ, ಒಲೆಗೆ ಅದು ನೇರವಾಗಿ ತಟ್ಟಿತು. 2011ರಲ್ಲಿ ಕಾಡು ಹುಲಿ ಮೀಸಲು ಪ್ರದೇಶವಾದ ವರ್ಷವೇ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಮೀಸಲು ಪ್ರದೇಶವೊಂದರೊಳಗೆ ದೇಶದಲ್ಲೇ ಅದು ಮೊದಲು.

“ಹಾಗಾದ್ರೆ ಈಗ ಬೆಂಕಿ ಹಾಕಿದ್ರೆ ಸರಿಹೋಗುತ್ತಾ?” ಎಂದು ಹುಡುಗಿ ಕೇಳಿದಳು. ಇಲ್ಲ. ಆಗ ನೆಲದಲ್ಲಿದ್ದದ್ದು ತರಗು, ಈಗ ತಲೆಯೆತ್ತರದ ಸೌದೆ. ಲಂಟಾನ ಮರಕ್ಕೆ ಆತು ಹತ್ತಿದ ಕಡೆ ಬೆಂಕಿಯೂ ಅದರ ಜೊತೆ ಹತ್ತುತ್ತದೆ. ಮರ ಸುಡುತ್ತದೆ, ಲಂಟಾನ ಮಾತ್ರ ಬುಡದಿಂದ ಮತ್ತೆ ಚಿಗುರುತ್ತದೆ. ಬೆಂಕಿಯೇ ಲಂಟಾನವನ್ನು ಹಬ್ಬಿಸುತ್ತದೆ, ಲಂಟಾನ ಬೆಂಕಿಯನ್ನು ಎಂಬ ವಾದವನ್ನು ಹಿರೇಮಠ ಮತ್ತು ಸುಂದರಂ 2005ರಲ್ಲೇ ಮುಂದಿಟ್ಟಿದ್ದರು. ಅಜ್ಜನ ಮಾತು ಅದಕ್ಕೆ ಎದುರಾಗಿ ಕಾಣುತ್ತದೆ. ಯಾವ ಬೆಂಕಿ, ಯಾವ ತಿಂಗಳು, ಎಷ್ಟು ಎತ್ತರ ಎಂದು ಬಿಡಿಸಿ ಕೇಳಿದಾಗ ಎರಡೂ ಒಂದೇ ಕಾಡಿನ ಎರಡು ಕಾಲದ ಮಾತು ಎಂದು ನನಗೆ ಅನಿಸುತ್ತದೆ. ಮಕ್ಕಳಿಗೆ ಇದು ಅರ್ಥವಾಗುವುದಿಲ್ಲ ಎನ್ನಬೇಡಿ. ಆ ಹುಡುಗಿ ಜೀಪು ಬಂದರೂ ಕಿಟಕಿ ಬಿಟ್ಟು ಕದಲಲಿಲ್ಲ.

ನಿಮ್ಮಲ್ಲಿ ನಾನು ಕೇಳುವುದು ಒಂದೇ ಫಲಕ. ಒಳಗೆ ಬೇಡ, ಹೊರಗೆ, ಆ ಪೊದೆಯ ಪಕ್ಕದಲ್ಲೇ ನೆಡಿ. ಗಿಡದ ಹೆಸರು ಬರೆಯಿರಿ, ಎಲ್ಲಿಂದ ಬಂತು ಬರೆಯಿರಿ. ನಿಮ್ಮ ಕಾಡಿನಲ್ಲಿ ಯಾರಾದರೂ ಎಣಿಸಿದ್ದರೆ ಆ ಅಂಕಿ, ಎಣಿಸಿದವರ ಹೆಸರು, ಅವರಿಗೆ ದಾರಿ ತೋರಿಸಿದ ಪೋಡಿನ ಹೆಸರು ಹಾಕಿ. ಬೆಂಕಿಯ ಬಗ್ಗೆ ಎರಡೂ ಮಾತು ಹಾಕಿ. ಸೋಲಿಗರಲ್ಲೇ ಈಗ ಪಿಎಚ್.ಡಿ. ಮಾಡಿದ ಸಿ. ಮಾದೇಗೌಡರಂಥವರು ಇದ್ದಾರೆ, ಸೋಲಿಗರ ಕಾಡಿನ ಬಗ್ಗೆ ಬರೆಯುವಾಗ ಕೇಳಲು ಜನವಿಲ್ಲ ಎಂದು ಯಾರೂ ಹೇಳುವಂತಿಲ್ಲ. ಅಚ್ಚಿಗೆ ಕೊಡುವ ಮೊದಲು ಕರಡನ್ನು ಹತ್ತಿರದ ಪೋಡಿನಲ್ಲಿ ಕೂತು ಓದಿ ಹೇಳಿ. ಅವರು ತಿದ್ದಿದ್ದನ್ನು ಹಾಗೇ ಉಳಿಸಿ.

ಬರುವ ಮಾಗಿಗೆ ಹುಡುಗಿಯನ್ನು ಮತ್ತೆ ಕರೆತರುತ್ತೇನೆ. ಫಲಕಗಳನ್ನು ಅವಳು ಈಗಲೂ ಜೋರಾಗಿಯೇ ಓದುತ್ತಾಳೆ.

ಇತಿ,
ನಿಮ್ಮ ಅಕ್ಷರ ಓದಿದವನು