ಡ್ಯೂಮಾ ದೊಡ್ಡ ಲೇಖಕನೇ?

ಬದುಕಿರುವ ತನಕ ಲೇಖಕನಿಗೆ ಪ್ರಕಾಶಕರ ಕಾಟ, ಸಾಲಗಾರರ ಕಾಟ, ಮನೆಯವರ ಕಾಟ. ಸತ್ತ ಮೇಲಾದರೂ ನೆಮ್ಮದಿ ಉಂಟೇ? ಆಗ ಅವನನ್ನು ತೂಗುವವರು ತಕ್ಕಡಿ ಹಿಡಿದು ಬರುತ್ತಾರೆ. ಈತ ನಿಜಕ್ಕೂ ದೊಡ್ಡವನೋ, ಅಥವಾ ಜನ ಮುಗಿಬಿದ್ದು ಓದಿದ್ದರಿಂದ ದೊಡ್ಡವನಂತೆ ಕಂಡನೋ? ಫ್ರಾನ್ಸಿನ ಅಲೆಕ್ಸಾಂಡರ್ ಡ್ಯೂಮಾನಷ್ಟು ಕಾಲ ಈ ತಕ್ಕಡಿಯಲ್ಲಿ ಜೋತಾಡಿದವರು ಕಡಿಮೆ.

ಡ್ಯೂಮಾ, ವಿಕ್ಟರ್ ಹ್ಯೂಗೊ ಇಬ್ಬರೂ 1802ರಲ್ಲಿ ಹುಟ್ಟಿದವರು. 1885ರಲ್ಲಿ ತೀರಿಕೊಂಡ ಹ್ಯೂಗೊನನ್ನು ಸರಕಾರ ಮೆರವಣಿಗೆಯಲ್ಲಿ ಒಯ್ದು, ರಾಷ್ಟ್ರದ ಮಹಾಪುರುಷರ ಸಮಾಧಿಯಾದ ಪ್ಯಾರಿಸ್ಸಿನ ಪ್ಯಾಂಥಿಯಾನ್‌ನಲ್ಲಿ ಮಲಗಿಸಿತು. ಡ್ಯೂಮಾ 1870ರಲ್ಲೇ ಸತ್ತಿದ್ದ. ಅವನಿಗೆ ಆ ಬಾಗಿಲು ತೆರೆದದ್ದು 2002ರ ನವೆಂಬರಿನಲ್ಲಿ. ನಮ್ಮ ಜಮೀನು ವ್ಯಾಜ್ಯಗಳೂ 132 ವರ್ಷ ಎಳೆಯುವುದು ಅಪರೂಪ. ಫ್ರೆಂಚ್ ಅಕಾಡೆಮಿಯಂತೂ ಬದುಕಿರುವಾಗ ಅವನನ್ನು ಒಳಗೆ ಬಿಟ್ಟುಕೊಳ್ಳಲೇ ಇಲ್ಲ. 1874ರಲ್ಲಿ ಅದೇ ಹೆಸರಿನ ಅವನ ಮಗನನ್ನು ಕರೆದು ಕೂರಿಸಿತು! ಇವತ್ತು ಮಗನ ಪರಿಚಯ ಮಾಡಿಕೊಡಬೇಕಾದರೆ ಅಪ್ಪನ ಹೆಸರನ್ನೇ ಮೊದಲು ಹೇಳಬೇಕು.

ಅವನ ಮೇಲಿನ ಆರೋಪಗಳೇನು ಸಣ್ಣವಲ್ಲ. ಮೊದಲನೆಯದು, ಅವನು ಬರೆಯಲಿಲ್ಲ, ಬರೆಸಿದ ಎಂಬುದು. 1845ರಲ್ಲಿ ಮಿರೆಕೂರ್ ಎಂಬಾತ, ಡ್ಯೂಮಾ ಕಂಪನಿ ಕಾದಂಬರಿ ಕಾರ್ಖಾನೆ ನಡೆಸುತ್ತಿದೆ ಎಂದು ಒಂದು ಕಿರುಪುಸ್ತಕವನ್ನೇ ಅಚ್ಚು ಹಾಕಿಸಿದ. ಡ್ಯೂಮಾನ ಅಜ್ಜಿ ಇಂದಿನ ಹೈಟಿಯಲ್ಲಿ ಗುಲಾಮಳಾಗಿದ್ದವಳು, ಅಪ್ಪ ಫ್ರೆಂಚ್ ಸೇನೆಯಲ್ಲಿ ಜನರಲ್ ಆದವನು. ಮಿರೆಕೂರ್ ಆ ಮೈಬಣ್ಣವನ್ನೂ ಹೀಯಾಳಿಸಲು ಮರೆಯಲಿಲ್ಲ. ಡ್ಯೂಮಾ ಕೋರ್ಟಿಗೆ ಹೋದ, ಮಿರೆಕೂರ್ ಜೈಲಿಗೆ ಹೋದ. ಆದರೆ ‘ಕಾರ್ಖಾನೆ’ ಎಂಬ ಮಾತನ್ನು ಯಾವ ಜೈಲೂ ಹಿಡಿದಿಡಲಿಲ್ಲ, ಅದು ಊರೆಲ್ಲ ತಿರುಗಿತು.

ಎರಡನೆಯದು ದುಡ್ಡಿನಾಸೆ. ಪತ್ರಿಕೆಗಳು ಅವನ ಧಾರಾವಾಹಿಗಳಿಗೆ ಸಾಲಿನ ಲೆಕ್ಕದಲ್ಲಿ ಹಣ ಕೊಡುತ್ತಿದ್ದವು. ‘ತ್ರೀ ಮಸ್ಕೆಟಿಯರ್ಸ್’ನಲ್ಲಿ ಗ್ರಿಮೋ ಎಂಬ ಸೇವಕ ಒಂದೊಂದೇ ಪದದಲ್ಲಿ ಉತ್ತರ ಕೊಡುವುದು ಅದಕ್ಕೇ ಅಂತೆ, ಒಂದು ಪದ ಬರೆದರೂ ಒಂದು ಸಾಲಿನ ಕೂಲಿ. ಅರ್ಧ ಸಾಲಿಗೆ ಕಾಸಿಲ್ಲ ಎಂದು ಪತ್ರಿಕೆ ಹಟ ಹಿಡಿದ ದಿನವೇ ಡ್ಯೂಮಾ ಗ್ರಿಮೋನನ್ನು ಕೊಂದುಹಾಕಿದ ಎಂಬ ದಂತಕಥೆಯೂ ಇದೆ. ಕಥೆ ಸುಳ್ಳೇ ಇರಬಹುದು, ಆದರೆ ಡ್ಯೂಮಾನೇ ಕಟ್ಟಿದಂತಿದೆ.

ಕಾರ್ಖಾನೆಯ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಒಗುಸ್ತ್ ಮಾಕೆ ಎಂಬ ಇತಿಹಾಸದ ಮೇಷ್ಟ್ರು ಹಳೆಯ ಗ್ರಂಥಗಳನ್ನು ಕೆದಕಿ, ಕಥೆಯ ಹಂದರ ಹಾಕಿ, ಕರಡು ಬರೆದುಕೊಡುತ್ತಿದ್ದ. ಡ್ಯೂಮಾ ಅದನ್ನು ಹಿಗ್ಗಿಸಿ ತಿದ್ದಿ ಬರೆಯುತ್ತಿದ್ದ. ಮುಖಪುಟದಲ್ಲಿ ಒಂದೇ ಹೆಸರು. ಮುಂದೆ ಮಾಕೆ ನ್ಯಾಯಾಲಯಕ್ಕೆ ಹೋಗಿ ಬಾಕಿ ಹಣದ ಮಟ್ಟಿಗೆ ಗೆದ್ದ, ಹೆಸರಿನ ಮಟ್ಟಿಗೆ ಸೋತ. ಕೊನೆಗೆ ಮಾಕೆ ಅನುಕೂಲಸ್ಥನಾಗಿ ಸತ್ತ. ತನ್ನ ಕಾದಂಬರಿ ‘ಮಾಂಟೆ ಕ್ರಿಸ್ಟೊ’ದ ಹೆಸರಲ್ಲಿ ಬಂಗಲೆ ಕಟ್ಟಿ, ಬಂದವರಿಗೆಲ್ಲ ಉಣಬಡಿಸಿ, ಕೆಲವೇ ವರ್ಷಗಳಲ್ಲಿ ಅದನ್ನೂ ಮಾರಿಕೊಂಡ ಡ್ಯೂಮಾ ಬರಿಗೈಯಲ್ಲಿ ಸತ್ತ. ಪೆರ್ ಲಾಶೇಸ್ ಸ್ಮಶಾನದಲ್ಲಿ ಮಾಕೆಯ ಸಮಾಧಿಯ ಮೇಲೆ ಆ ಕಾದಂಬರಿಗಳ ಹೆಸರುಗಳನ್ನು ಕೆತ್ತಿದ್ದಾರೆ. ಮುಖಪುಟ ಕೊಡದ ಜಾಗವನ್ನು ಕಲ್ಲು ಕೊಟ್ಟಿತು.

ಹಾಗಾದರೆ ಡ್ಯೂಮಾ ಮಾಡಿದ್ದೇನು? ‘ತ್ರೀ ಮಸ್ಕೆಟಿಯರ್ಸ್’ನ ಖಳನಾಯಕಿ ಮಿಲೇಡಿಯ ಮರಣದಂಡನೆಯ ಅಧ್ಯಾಯಕ್ಕೆ ಮಾಕೆ ಬರೆದ ಕರಡು ಮುಂದೆ ಬೆಳಕಿಗೆ ಬಂತು. ಅವನೇ ನಿಜವಾದ ಲೇಖಕ ಎಂದು ತೋರಿಸಬೇಕಾಗಿದ್ದ ಆ ಸಾಕ್ಷಿ ತಿರುಗಿ ಅವನಿಗೇ ಬಡಿಯಿತು. ಘಟನೆಗಳೆಲ್ಲ ಕರಡಿನಲ್ಲಿದ್ದವು, ಎದೆ ಡವಗುಟ್ಟಿಸುವ ಭಾಗಗಳು ಮಾತ್ರ ಡ್ಯೂಮಾನವು.

ಮೂರನೆಯ ಆರೋಪ ಅಡ್ಡಾದಿಡ್ಡಿ ಬರವಣಿಗೆ. ಇದಕ್ಕೆ ಸಾಕ್ಷಿ ಹೇಳಿದವನು ಸಾಮಾನ್ಯನಲ್ಲ, ಇಟಲಿಯ ಕಾದಂಬರಿಕಾರ ಉಂಬರ್ತೊ ಇಕೊ. ‘ತ್ರೀ ಮಸ್ಕೆಟಿಯರ್ಸ್’ನ 1625ರ ಕಥೆಯಲ್ಲಿ ಬರುವ ಒಂದು ಬೀದಿಗೆ 1695ರಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಸರ್ವಾಂಡೋನಿಯ ಹೆಸರಿದೆ ಎಂದು ಆತ ತೋರಿಸಿಕೊಟ್ಟ. ‘ಮಾಂಟೆ ಕ್ರಿಸ್ಟೊ’ದಷ್ಟು ರೋಚಕವೂ ಅಷ್ಟೇ ಕೆಟ್ಟದಾಗಿಯೂ ಬರೆದ ಕಾದಂಬರಿ ಸಿಗುವುದು ಕಷ್ಟ ಎಂದ. ಹೇಳಿದ್ದನ್ನೇ ಹೇಳುವ ಮಾತುಗಳನ್ನೆಲ್ಲ ಕತ್ತರಿಸಿ ಅನುವಾದಿಸಲು ಕೂತ ಇಕೊ, ಆ ಎಳೆತವೇ ಓದುಗನನ್ನು ಕಾಯಿಸುವ ಉಪಾಯ ಎಂದು ಕಂಡುಕೊಂಡು ಕೈಬಿಟ್ಟ. ವಾರಪತ್ರಿಕೆಯ ಧಾರಾವಾಹಿಯಲ್ಲಿ ನಾಯಕಿ ಬಾಗಿಲು ತೆರೆಯುವಷ್ಟರಲ್ಲಿ ‘ಮುಂದುವರಿಯುವುದು’ ಎಂದು ಓದಿ ಹಲ್ಲು ಕಡಿದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಕಾಡೆಮಿ ಕೊಡದ ಮನ್ನಣೆ ಬೇರೆ ಕಡೆಯಿಂದ ಬಂತು. ಹವಾನಾದ ಸಿಗಾರ್ ಕಾರ್ಖಾನೆಗಳಲ್ಲಿ ಎತ್ತರದ ಪೀಠದಲ್ಲಿ ಒಬ್ಬ ಕೂತು ಗಟ್ಟಿಯಾಗಿ ಓದುವುದು, ಕೆಲಸಗಾರರು ಎಲೆ ಸುತ್ತುತ್ತ ಕೇಳುವುದು 1865ರಿಂದ ಬಂದ ರೂಢಿ. ಓದುವವನ ಸಂಬಳಕ್ಕೆ ಅವರೇ ತಮ್ಮ ಕೂಲಿಯಲ್ಲಿ ಕಾಸು ಹಾಕುತ್ತಿದ್ದರು. ಅವರು ಮತ್ತೆ ಮತ್ತೆ ಕೇಳಬಯಸಿದ ಕಾದಂಬರಿಯಿಂದಲೇ 1935ರಲ್ಲಿ ‘ಮಾಂಟೆಕ್ರಿಸ್ಟೊ’ ಸಿಗಾರಿಗೆ ಹೆಸರು ಬಂತಂತೆ. ಕೂಲಿಯ ಕಾಸು ಕೊಟ್ಟು ಕಥೆ ಕೇಳುವವನಿಗಿಂತ ಖಡಕ್ ವಿಮರ್ಶಕ ಎಲ್ಲಿದ್ದಾನೆ? ಚಿತ್ರಕಾರ ಗುಸ್ತಾವ್ ಡೊರೆಗೂ ಇದು ಗೊತ್ತಿತ್ತು. 1883ರಲ್ಲಿ ಪ್ಯಾರಿಸ್ಸಿನಲ್ಲಿ ನಿಂತ ಅವನ ಡ್ಯೂಮಾ ಸ್ಮಾರಕದಲ್ಲಿ ಡ್ಯೂಮಾ ಮೇಲೆ ಕೂತಿದ್ದಾನೆ. ಕೆಳಗೆ ಒಬ್ಬ ವಿದ್ಯಾರ್ಥಿ, ಒಬ್ಬ ಕಾರ್ಮಿಕ, ಒಬ್ಬ ಹುಡುಗಿ ಸೇರಿ ಒಂದೇ ಪುಸ್ತಕ ಓದುತ್ತಿದ್ದಾರೆ. ಅಲ್ಲಿ ವಿಮರ್ಶಕನಿಗೆ ಜಾಗವಿಲ್ಲ.

ನನ್ನನ್ನು ಕೇಳಿದರೆ, ಪ್ಯಾಂಥಿಯಾನ್ ತೀರ್ಪು ತಡವಾದರೂ ಸರಿಯಾದದ್ದೇ. ವಾಕ್ಯ ಕಟ್ಟುವುದರಲ್ಲಿ ಡ್ಯೂಮಾನನ್ನು ಮೀರಿಸಿದವರು ಫ್ರಾನ್ಸಿನಲ್ಲಿ ಬೇಕಾದಷ್ಟು ಮಂದಿ. ಓದುಗ ಪುಟ ತಿರುಗಿಸುವಂತೆ ಮಾಡುವುದರಲ್ಲಿ ಯಾರೂ ಇಲ್ಲ. ಒಂದು ಬಾಕಿ ಮಾತ್ರ ಉಳಿದಿದೆ: ಇನ್ನು ಮುಂದಿನ ಮುದ್ರಣಗಳ ಮುಖಪುಟದಲ್ಲಿ, ಸಣ್ಣ ಅಕ್ಷರದಲ್ಲಾದರೂ, ಮಾಕೆ ಮೇಷ್ಟ್ರ ಹೆಸರೂ ಇರಲಿ.