ಉಜ್ಜುವ ಮಹಾಶಯ

ಹಳೇ ಜಾವಾ, ಯೆಜ್ದಿ ಬೈಕ್ ಇಟ್ಟುಕೊಂಡವರಲ್ಲಿ ಓಡಿಸುವವರು, ಉಜ್ಜುವವರು ಎಂದು ಎರಡು ಪಂಗಡ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಗಾಡಿ ಮಾಡಿದ್ದು ಮೊದಲನೆಯವರಿಗಾಗಿ. ಎಂಜಿನ್ನಿನ ಎಡಗಡೆಯ ಅಲ್ಯೂಮಿನಿಯಂ ಕವರ್ ಮಾತ್ರ ಹೇಗೋ ಎರಡನೆಯವರ ಪಾಲಾಯಿತು. ಈ ಉಜ್ಜುವ ಮಹಾಶಯನಿಗೆ ಹೊಳಪಿನ ಹುಚ್ಚು ಎಂದು ಜನ ತಿಳಿದಿದ್ದಾರೆ. ನನಗೇನೋ ಅವನಿಗೆ ಬೇಕಿರುವುದು ಮುಗಿಯದ ಕೆಲಸ ಅನ್ನಿಸುತ್ತದೆ. ಅವನು ಹಿಡಿದ ದಾರಿಯನ್ನೇ ನೋಡಿ: 220 ನಂಬರಿನ ಒರಟು ವಾಟರ್ ಪೇಪರನ್ನು ನೀರಲ್ಲಿ ನೆನೆಸಿ ಒಂದೇ ದಿಕ್ಕಿಗೆ ಉಜ್ಜಬೇಕು, ಆ ಗೀರು ಅಳಿಯುವತನಕ 400ರಲ್ಲಿ ಅಡ್ಡಕ್ಕೆ, ಆಮೇಲೆ ಇನ್ನೂ ನಯವಾದ 600, 1000, 2000, ಕೊನೆಗೆ ಬಫಿಂಗ್. ಆತುರಕ್ಕೆ ನಡುವೆ ಒಂದು ನಂಬರು ಹಾರಿಸಿದರೆ, ಬಫಿಂಗ್ ಆದ ಮೇಲೆ ಹಳೇ ಗೀರು ಪ್ರತ್ಯಕ್ಷ. ಮತ್ತೆ ಕೆಳಗಿನಿಂದ ಶುರು. ಬೇರೆಯವರಾದರೆ ತಲೆ ಚಚ್ಚಿಕೊಳ್ಳುತ್ತಾರೆ. ಇವನು ಇನ್ನೊಂದು ಭಾನುವಾರ ಗಿಟ್ಟಿತು ಎಂಬ ಮುಖ ಮಾಡಿಕೊಂಡು ಬಕೆಟ್ಟಿಗೆ ನೀರು ತುಂಬುತ್ತಾನೆ. ಎರಕದ ಲೋಹವೂ ಅವನ ಪರವೇ. ಒಳಗೆ ಗಾಳಿಗುಳ್ಳೆ ಬಿಟ್ಟ ಸಣ್ಣ ತೂತುಗಳಿರುತ್ತವೆ, ಮೇಲ್ಪದರ ಸವೆದಷ್ಟೂ ಹೊಸವು ಬಾಯಿ ಬಿಡುತ್ತವೆ.

ಇದೆಲ್ಲ ಲೋಹದ ರಕ್ಷಣೆಗೆ ಎಂದು ಅವನ ಕಡೆಯವರು ವಾದಿಸಬಹುದು. ನಿಲ್ಲುವ ಮಾತಲ್ಲ. ಗಾಳಿ ತಾಕಿದೊಡನೆ ಅಲ್ಯೂಮಿನಿಯಂ ತಾನಾಗಿ ತೆಳು ಆಕ್ಸೈಡ್ ಪದರ ಹೊದ್ದುಕೊಳ್ಳುತ್ತದೆ. ಇವನು ಕೆರೆದು ತೆಗೆಯುವುದು ಅದನ್ನೇ. ಹೊಳಪು ಉಳಿಸಲು ಲ್ಯಾಕರ್ ಹೊಡೆಸಬಹುದಲ್ಲ ಎಂದರೆ, 'ಬಿಸಿಗೆ ಹಳದಿಯಾಗುತ್ತೆ, ಎದ್ದು ಬರುತ್ತೆ' ಅನ್ನುತ್ತಾನೆ. ಸುಳ್ಳೇನಲ್ಲ. ಆದರೆ ಹಾಗೆ ಹೇಳುವಾಗ ಅವನ ಮುಖದ ನೆಮ್ಮದಿ ನೋಡಬೇಕು. ಇನ್ನು, ಅವನ ಪಾಡಿಗೆ ಅವನು ಉಜ್ಜಿಕೊಂಡರೆ ಯಾರಿಗೇನು ನಷ್ಟ ಎನ್ನುವವರು ಅವನ ಮನೆಗೆ ಕಾಫಿಗೆ ಹೋದವರಲ್ಲ. ಹೋದವರನ್ನು ಗಾಡಿ ಪಕ್ಕ ಕುಕ್ಕರಗಾಲಲ್ಲಿ ಕೂರಿಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು, 'ಈ ಕಡೆಯಿಂದ ನೋಡಿ ಸಾರ್' ಎನ್ನುತ್ತಾನೆ. ಕಾಫಿ ಆರುತ್ತದೆ, ಮೊಣಕಾಲು ಹಿಡಿದುಕೊಳ್ಳುತ್ತದೆ, 1000ಕ್ಕೂ 2000ಕ್ಕೂ ಇರುವ ವ್ಯತ್ಯಾಸ ಕಂಡಿತೆಂದು ಒಪ್ಪಿಕೊಳ್ಳದೆ ಏಳುವ ಹಾಗಿಲ್ಲ.

ಆದರೂ ಪೂರ್ತಿ ಬೈಯಲು ಮನಸ್ಸು ಬರುವುದಿಲ್ಲ. ವಾರವಿಡೀ ಫೈಲಿನ ಮೇಲೆ ಟಿಪ್ಪಣಿ ಬರೆದು ಅದು ಎಲ್ಲಿ ಹೋಯಿತೆಂದೇ ತಿಳಿಯದವನಿಗೆ, ಹಳೇ ಬನಿಯನ್ ಬಟ್ಟೆಗೆ ಕಪ್ಪು ಮಸಿ ಹತ್ತಿ, ಒರೆಸಿದಲ್ಲಿ ತನ್ನದೇ ಮೂಗು ಕಾಣುವುದು ಸಣ್ಣ ಸಂಗತಿಯೇ? ಓಡಿಸಲು ಮಾತ್ರ ಅವನು ಒಲ್ಲ. ಈ ಗಾಡಿಯಲ್ಲಿ ಕಿಕ್ಕರೇ ಗೇರ್ ಲಿವರ್, ಅದು ಇರುವುದು ಆ ಕವರಿನ ಮಗ್ಗುಲಲ್ಲೇ. ಬೂಟು ತಾಕಿದರೆ ಗೀರು. ಮುಗಿಯದ ಕೆಲಸವೇ ಬೇಕಾದವನು ದಿನಾ ಓಡಿಸಿ ಗೀರು ಬೀಳಿಸಿಕೊಳ್ಳಲಿ ಎಂದು ಯಾರಾದರೂ ನನ್ನ ವಾದಕ್ಕೇ ಅಡ್ಡಗಾಲು ಹಾಕಬಹುದು. ಅದಕ್ಕೂ ಉತ್ತರವಿದೆ: ನಿಂತಲ್ಲೇ ನಿಂತರೂ ಮಳೆಗಾಲದ ತೇವಕ್ಕೆ ಕವರ್ ಮಂಕಾಗುತ್ತದೆ, ಪೆಟ್ರೋಲಿನ ಖರ್ಚೂ ಇಲ್ಲ.